ಆದಿತ್ಯವಾರದ ಅಡುಗೆ, ಶುಕ್ರವಾರದ ಬುತ್ತಿ

ಬೆಳಿಗ್ಗೆ ಏಳೂಕಾಲರ ಬಸ್ಸಿಗೆ ಕಾದು ನಿಂತ ಹೆಂಗಸರ ಕೈಚೀಲಗಳನ್ನು ಒಮ್ಮೆ ಗಮನಿಸಿ ನೋಡಿ. ಕುಂಬಳೆಯಲ್ಲಾಗಲಿ, ಉಪ್ಪಳದಲ್ಲಾಗಲಿ, ಬದಿಯಡ್ಕದಲ್ಲಾಗಲಿ, ದೃಶ್ಯ ಒಂದೇ. ಕೊಡೆ, ನೀರಿನ ಬಾಟ್ಲಿ, ಅಡ್ಡ ಬೀಳದಂತೆ ಟವೆಲಿನಲ್ಲಿ ಸುತ್ತಿದ ಬುತ್ತಿ. ಬ್ಯಾಂಕಿನವರು, ನರ್ಸಮ್ಮನವರು, ಮಂಗಳೂರಿನ ಅಂಗಡಿಗಳಿಗೆ ಹೋಗುವ ಹುಡುಗಿಯರು, ನನ್ನಂಥ ಟೀಚರುಗಳು. ಆ ಬುತ್ತಿಗಾಗಿ ಯಾರ ನಿದ್ದೆ ಎಷ್ಟು ಗಂಟೆ ಹೋಯಿತೆಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ನನ್ನ ಲೆಕ್ಕ ಹೇಳುತ್ತೇನೆ. ಹದಿನೆಂಟು ವರ್ಷ ನಾಲ್ಕೂವರೆಗೆ ಎದ್ದೆ. ಕಾಯಿ ತುರಿದು, ಅರೆದು, ಅನ್ನ ಬಸಿದು, ನಾಲ್ಕು ಬುತ್ತಿ ಕಟ್ಟಿ, ಮಿಂದು ಓಡುವುದು. ಮೂರು ವರ್ಷದ ಹಿಂದೆ ಒಂದು ದಿನ ಎಂಟನೆಯ ತರಗತಿಯಲ್ಲಿ ಪದ್ಯ ಓದಿಸುತ್ತ ನಿಂತಲ್ಲಿಯೇ ತೂಕಡಿಸಿಬಿಟ್ಟೆ. ಮಕ್ಕಳು ನಗಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಸದ್ದಿಲ್ಲದೆ ಕುರ್ಚಿ ತಂದಿಟ್ಟಳು. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ವಾರವೇ ನಿಶ್ಚಯಿಸಿದೆ. ಆದಿತ್ಯವಾರ ಮಧ್ಯಾಹ್ನ ಮೂರು ಗಂಟೆ ಒಲೆಯ ಮುಂದೆ ನಿಂತು ಐದು ದಿನದ ಬುತ್ತಿ ಮಾಡಿ ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿಡುವುದು. ಯಜಮಾನರಿಗೆ ಕಾಯಿ ತುರಿಯುವ ಕೆಲಸ. ಅವರು ಒಪ್ಪಿದರು; ಒಪ್ಪದಿದ್ದವರು ಅತ್ತೆ.

"ತಂಗಳು ಪೆಟ್ಟಿಗೆಯದ್ದನ್ನು ತಿಂದು ಶಾಲೆಗೆ ಹೋಗುವುದಾ ಮಾರಾಯ್ತಿ? ನಮ್ಮ ಮನೆಗೆ ಅಂಥ ಬರಗಾಲ ಎಂತ ಬಂದದ್ದು?"

"ನೀವು ಭರಣಿಯಲ್ಲಿ ಉಪ್ಪುಸೊಳೆ ಹಾಕಿ ಆಟಿ ತಿಂಗಳಿಡೀ ತಿನ್ನಿಸಿದಿರಲ್ಲ ಅತ್ತೆ, ಅದು ತಂಗಳಲ್ಲವೇ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೆ ಉಪ್ಪು ಕಾವಲಿದೆ. ನಿನ್ನದಕ್ಕೆ ಯಾರು ಕಾವಲು?" ಎಂದರು. ಪ್ರಶ್ನೆ ಸಣ್ಣದಲ್ಲವೆಂದು ನನಗೆ ತಿಳಿದದ್ದು ತಡವಾಗಿ.

ಕಾವಲಿರುವುದು ಚಳಿ ಮಾತ್ರ. ಮೈನಸ್ 18 ಡಿಗ್ರಿಯಲ್ಲಿ ರೋಗಾಣುಗಳು ಬೆಳೆಯುವುದಿಲ್ಲ. ಆದರೆ ಸಾಯುವುದೂ ಇಲ್ಲ, ನಿದ್ದೆ ಹೋಗುತ್ತವೆ. ಚಳಿ ಬಿಟ್ಟೊಡನೆ ಎದ್ದು ಕೂರುತ್ತವೆ. ಅವು ಹೆಚ್ಚು ಹುರುಪಿನಲ್ಲಿರುವುದು 5ರಿಂದ 60 ಡಿಗ್ರಿಯ ನಡುವೆ. ನಮ್ಮ ಕರಾವಳಿಯ ಸೆಕೆಯಲ್ಲಿ ಅಡುಗೆಮನೆಯ ಮೇಜೇ ಅವುಗಳ ತವರುಮನೆ. ಆದುದರಿಂದ ಬೆಂದ ಪದಾರ್ಥ ಎರಡು ಗಂಟೆಯೊಳಗೆ ತಣಿದು ಒಳಗೆ ಸೇರಬೇಕು. ಪಾತ್ರೆ ತುಂಬ ಸಾರನ್ನು ಹಾಗೆಯೇ ಬಿಟ್ಟರೆ ಹೊತ್ತಿಗೆ ಸರಿಯಾಗಿ ತಣಿಯದು. ಅಗಲ ತಟ್ಟೆಗಳಿಗೆ ಹರಡಿ, ತಣ್ಣೀರು ತುಂಬಿದ ದೊಡ್ಡ ಪಾತ್ರೆಯಲ್ಲಿ ಆ ತಟ್ಟೆಗಳನ್ನು ಇಳಿಸಿಟ್ಟರೆ ಅರ್ಧ ಗಂಟೆಯ ಕೆಲಸ.

ನಮ್ಮ ಮನೆಯದು ಒಂದೇ ಬಾಗಿಲಿನ ಫ್ರಿಜ್ಜು. ಅದರ ಮೇಲಿನ ಗೂಡು ಮೈನಸ್ 18ಕ್ಕೆ ಇಳಿಯುತ್ತದೆಂದು ನಂಬಿಕೊಂಡಿದ್ದೆ. ವಿಜ್ಞಾನದ ಟೀಚರಿನಿಂದ ಸ್ಪಿರಿಟ್ ಥರ್ಮಾಮೀಟರ್ ತಂದು ರಾತ್ರಿಯಿಡೀ ಇಟ್ಟು ನೋಡಿದರೆ ಮೈನಸ್ 8. ಇಂಥ ಗೂಡಿನಲ್ಲಿ ತಿಂಗಳುಗಟ್ಟಲೆ ಇಡುವ ಮಾತೇ ಇಲ್ಲ. ವಾರದ್ದು ವಾರದಲ್ಲೇ ಮುಗಿಯಬೇಕು. ಹಾಗಾಗಿ ಡಬ್ಬಿಗಳಿಗೂ ಒಂದು ಹಾಜರಿ ಪುಸ್ತಕ ಇಟ್ಟಿದ್ದೇನೆ. ಹೆಸರು, ಇಟ್ಟ ತಾರೀಕು, ತೆಗೆದ ತಾರೀಕು. ಗೈರುಹಾಜರಾದ ಡಬ್ಬಿ ಮಗನ ಹೊಟ್ಟೆಯಲ್ಲಿ ಪತ್ತೆಯಾಗುವುದುಂಟು.

ಇನ್ನು ಯಾವುದನ್ನು ಇಡಬಹುದು, ಯಾವುದನ್ನು ಬಾರದು? ಇದನ್ನು ಕೆಡಿಸಿ ಕೆಡಿಸಿಯೇ ಕಲಿತೆ. ಹುರುಳಿ ಸಾರು, ಕಡಲೆ ಗಸಿ, ಹೆಸರುಕಾಳು, ತೊಗರಿಬೇಳೆಯ ಸಾಂಬಾರು, ಇವು ಅಪ್ಪಟ ಚಿನ್ನ. ಬಟಾಟೆ ಹಾಕಿದಿರೋ, ಮರಳಿ ಬಿಸಿ ಮಾಡಿದಾಗ ಹೋಳು ಹಿಟ್ಟುಹಿಟ್ಟಾಗಿ ಸ್ಪಂಜಿನಂತೆ ಬಾಯಿಗೆ ಸಿಗುತ್ತದೆ. ಸೌತೆಕಾಯಿ ನೀರಾಗುತ್ತದೆ. ಮಜ್ಜಿಗೆಹುಳಿ ಒಡೆದು ಮೊಸರು ಒಂದು ಕಡೆ, ನೀರು ಒಂದು ಕಡೆ. ಆ ದಿನ ನಾನು ಸ್ಟಾಫ್ ರೂಮಿನಲ್ಲಿ ಬರಿಯ ಉಪ್ಪಿನಕಾಯಿಯಲ್ಲಿ ಉಂಡೆ. ಕಾಯಿ ಅರೆದು ಹಾಕಿದ ಪದಾರ್ಥವೂ ತುಸು ಒಡೆದಂತೆ ಕಾಣುತ್ತದೆ, ಆದರೆ ಒಂದು ಕುದಿ ಬರಿಸಿ ಸೌಟಿನಲ್ಲಿ ತಿರುವಿದರೆ ಕೂಡಿಕೊಳ್ಳುತ್ತದೆ. ಪುಂಡಿ, ಇಡ್ಲಿ, ಪತ್ರೊಡೆ ಮೂರನ್ನೂ ಧಾರಾಳವಾಗಿ ಇಡಬಹುದು. ಮತ್ತೆ ಹಬೆಯಲ್ಲಿ ಇಟ್ಟರೆ ಈಗಷ್ಟೇ ಇಳಿಸಿದಂತೆ. ನೀರುದೋಸೆಯ ಗೊಡವೆಗೆ ಹೋಗಬೇಡಿ. ಅದು ಕಾವಲಿಯಿಂದ ನೇರವಾಗಿ ಬಾಯಿಗೆ ಹೋಗಲೆಂದೇ ಹುಟ್ಟಿದ್ದು.

ತರಕಾರಿಯ ಹೋಳು ಮೆತ್ತಗಾಗುವುದೇಕೆ? ನಿಧಾನವಾಗಿ ಹೆಪ್ಪುಗಟ್ಟಿದರೆ ಒಳಗಿನ ನೀರು ದೊಡ್ಡ ಹರಳುಗಳಾಗಿ ಜೀವಕೋಶಗಳನ್ನು ಹರಿಯುತ್ತದೆ. ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣದು, ಹಾನಿಯೂ ಕಮ್ಮಿ. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬವರು ಇಂದು ಕೆನಡಕ್ಕೆ ಸೇರಿದ ಲ್ಯಾಬ್ರಡಾರಿನಲ್ಲಿದ್ದಾಗ, ಅಲ್ಲಿಯ ಮೂಲನಿವಾಸಿಗಳು ಹಿಡಿದ ಮೀನು ಕೊರೆಯುವ ಗಾಳಿಗೆ ಕೂಡಲೇ ಕಲ್ಲಾಗುವುದನ್ನೂ, ಎಷ್ಟೋ ದಿನಗಳ ಮೇಲೆ ಬೇಯಿಸಿದರೂ ಅದರ ರುಚಿ ಕೆಡದಿರುವುದನ್ನೂ ಕಂಡರು. ಆ ತತ್ತ್ವದ ಮೇಲೆ ಅವರು ಸಿದ್ಧಪಡಿಸಿದ ಆಹಾರದ ಪೊಟ್ಟಣಗಳು 1930ರಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿ ಮಾರಾಟಕ್ಕೆ ಬಂದವು. ನಮ್ಮ ಗೂಡಿಗೆ ಆ ಶಕ್ತಿಯಿಲ್ಲ. ನಾವು ಮಾಡಬಹುದಾದದ್ದು ಡಬ್ಬಿ ಚಪ್ಪಟೆಯಾಗಿರುವಂತೆ ನೋಡಿಕೊಳ್ಳುವುದು, ಒಮ್ಮೆಗೇ ಎಲ್ಲವನ್ನೂ ತುರುಕದಿರುವುದು. ನೀರು ಮಂಜಾಗುವಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಉಬ್ಬುತ್ತದೆ. ಡಬ್ಬಿಯ ಬಾಯಿಯಲ್ಲಿ ಒಂದು ಬೆರಳು ಜಾಗ ಬಿಡಿ. ಗಾಜಿನ ಬಾಟ್ಲಿ ತುಂಬಿಸಿಟ್ಟು ಒಡೆದುಕೊಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಅನ್ನದ ವಿಷಯ ಬೇರೆಯೇ. ಕುಚ್ಚಲಕ್ಕಿ ಅನ್ನವನ್ನು ಫ್ರಿಜ್ಜಿನ ಕೆಳಗಿನ ಭಾಗದಲ್ಲಿಟ್ಟರೆ ಮರುದಿನ ಗಟ್ಟಿ ಕಾಳಾಗುತ್ತದೆ, ಏಕೆಂದರೆ ಪಿಷ್ಟ ಬೇಗ ಬಿರುಸಾಗುವುದು ಆ ಹದದ ಚಳಿಯಲ್ಲಿಯೇ. ಹೆಪ್ಪುಗಟ್ಟಿಸಿದರೆ ಹಾಗಾಗದು, ಎರಡು ಚಮಚ ನೀರು ಚಿಮುಕಿಸಿ ಬಿಸಿ ಮಾಡಿದರೆ ಮೊದಲಿನಂತೆ. ಆದರೆ ಅನ್ನದಲ್ಲಿ ಒಂದು ಕಳ್ಳನಿದ್ದಾನೆ, ಬ್ಯಾಸಿಲಸ್ ಸೀರಿಯಸ್ ಎಂದು ಹೆಸರು. ಅದರ ಬೀಜಕಗಳು ಕುದಿದರೂ ಸಾಯುವುದಿಲ್ಲ. ಬೆಂದ ಅನ್ನ ಹೊರಗೇ ಉಳಿದರೆ ಮೊಳೆತು ವಿಷ ಬಿಡುತ್ತವೆ, ಆ ವಿಷವನ್ನು ಮರಳಿ ಬಿಸಿ ಮಾಡಿ ಕಳೆಯಲೂ ಆಗುವುದಿಲ್ಲ. ಹೀಗಾಗಿ "ಚೆನ್ನಾಗಿ ಕುದಿಸಿದರಾಯ್ತು" ಎಂಬ ಮಾತು ಅನ್ನಕ್ಕೆ ಸಲ್ಲದು.

ಬೆಳಿಗ್ಗೆ ಕಲ್ಲಿನಂತಿರುವ ಡಬ್ಬಿಯನ್ನು ನೇರವಾಗಿ ಟವೆಲಿನಲ್ಲಿ ಸುತ್ತಿ ಒಯ್ಯುತ್ತೇನೆ. ಊಟದ ಹೊತ್ತಿಗೆ ಕರಗಿರುತ್ತದೆ, ಮುಟ್ಟಿದರೆ ಇನ್ನೂ ತಣ್ಣಗಿರುತ್ತದೆ. ಸ್ಟಾಫ್ ರೂಮಿನ ಇಂಡಕ್ಷನ್ ಒಲೆಯಲ್ಲಿ ಹಬೆಯೇಳುವಂತೆ ಬಿಸಿ ಮಾಡುತ್ತೇವೆ. ಕೆಲಸದ ಜಾಗದಲ್ಲಿ ಒಲೆಯಿಲ್ಲದವರು ಮನೆಯಲ್ಲೇ ಕುದಿಸಿ, ಬಿಸಿನೀರಿನಲ್ಲಿ ಕಾಯಿಸಿಟ್ಟ ಫ್ಲಾಸ್ಕಿಗೆ ತುಂಬಿಕೊಳ್ಳುವುದು ಲೇಸು. ನೀಲೇಶ್ವರ ಕಡೆಯ ಸಹೋದ್ಯೋಗಿಯೊಬ್ಬರು ಬಾಡಿಸಿದ ಬಾಳೆಲೆಯಲ್ಲಿ ಪೊದಿಚೋರು ಕಟ್ಟಿ ತರುತ್ತಾರೆ. ಅವರನ್ನು ನೋಡಿ ನಾನೂ ಡಬ್ಬಿಯ ತಳಕ್ಕೆ ಬಾಡಿಸಿದ ಎಲೆ ಹಾಸತೊಡಗಿದೆ. ಐದನೆಯ ದಿನವೂ ಮುಚ್ಚಳ ತೆರೆದರೆ ಬಾಳೆಲೆಯ ಪರಿಮಳ. ಅವರಿಗೆ ನನ್ನ ಹುರುಳಿ ಸಾರು, ನನಗೆ ಅವರ ಚಮ್ಮಂದಿ.

ಮನೆಯಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ಮೂರನೆಯ ವಾರ ಹಾಜರಿ ಪುಸ್ತಕದಲ್ಲಿ ದಿನಕ್ಕೊಂದು ಡಬ್ಬಿ ಕಡಿಮೆ ಬಂತು. ಮಗನನ್ನು ಗದರಿಸಿದೆ. ಆಗ ಅತ್ತೆ ಮೆಲ್ಲನೆ, "ಅವನನ್ನು ಬೈಯಬೇಡ. ನಾನು ತಿಂದದ್ದು" ಎಂದರು. ನಾವೆಲ್ಲ ಹೋದ ಮೇಲೆ ಒಬ್ಬಳಿಗಾಗಿ ಏನು ಒಲೆ ಹಚ್ಚುವುದೆಂದು ಅವರು ವರ್ಷಗಳಿಂದ ಮಧ್ಯಾಹ್ನ ಬೆಳಗಿನ ಗಂಜಿಯ ತಿಳಿ ಕುಡಿದು ಮಲಗುತ್ತಿದ್ದರಂತೆ. ನಾಲ್ಕು ಬುತ್ತಿ ಕಟ್ಟುತ್ತಿದ್ದ ನನಗೆ ಐದನೆಯ ಬಾಯಿಯೊಂದು ಮನೆಯಲ್ಲೇ ಇದೆಯೆಂದು ಹೊಳೆದಿರಲಿಲ್ಲ. ಅಂದಿನಿಂದ ಲೆಕ್ಕ ಐದು.

ಆದುದರಿಂದಲೇ ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ. 2024ರ ಜುಲೈ ತಿಂಗಳ ಮಳೆಯಲ್ಲಿ ನಾವು ಎರಡು ರಾತ್ರಿ ತಂಗಿಯ ಮನೆಯಲ್ಲಿದ್ದೆವು. ಹಿಂತಿರುಗಿ ಬಂದಾಗ ದೀಪ ಉರಿಯುತ್ತಿತ್ತು, ಡಬ್ಬಿಗಳು ಕಲ್ಲಿನಂತಿದ್ದವು. ಸೋಮವಾರ ಮಧ್ಯಾಹ್ನ ಅತ್ತೆ ಅನ್ನದ ಡಬ್ಬಿ ತೆಗೆದು ಬಿಸಿ ಮಾಡಿ ಉಂಡರು. ಸಂಜೆಗೆ ವಾಂತಿ ಹಿಡಿಯಿತು. ಎಪ್ಪತ್ತೆಂಟರ ಜೀವ, ರಾತ್ರಿಯಿಡೀ ಆಸ್ಪತ್ರೆಯಲ್ಲಿ ಗ್ಲುಕೋಸ್ ಏರಿಸಬೇಕಾಯಿತು. ಮರುದಿನ ನೆರೆಮನೆಯವರು ಹೇಳಿದರು: ತಂತಿಯ ಮೇಲೆ ಮರ ಬಿದ್ದು ಒಂದು ರಾತ್ರಿ, ಒಂದು ಹಗಲು ಕರೆಂಟಿರಲಿಲ್ಲವೆಂದು. ಡಬ್ಬಿ ಕರಗಿ, ಬೆಚ್ಚಗಾಗಿ, ಮತ್ತೆ ಹೆಪ್ಪುಗಟ್ಟಿತ್ತು. ಡಾಕ್ಟರರೂ ಅದನ್ನೇ ಶಂಕಿಸಿದರು. ಕಣ್ಣಿಗೆ ಕಾಣುವಂಥ ಗುರುತು ಒಂದೂ ಇರಲಿಲ್ಲ. ತುಂಬಿದ ದೊಡ್ಡ ಡೀಪ್ ಫ್ರೀಜರಾದರೆ ಬಾಗಿಲು ತೆರೆಯದೆ ಎರಡು ದಿನ ತಾಳೀತು. ನಮ್ಮಂಥವರ ಗೂಡು ಅಷ್ಟು ತಾಳುವುದಿಲ್ಲ.

ಈಗ ಒಂದು ಸಣ್ಣ ಉಪಾಯ ಮಾಡಿದ್ದೇವೆ. ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಅದರ ಮೇಲೆ ಒಂದು ರೂಪಾಯಿ ನಾಣ್ಯವಿಟ್ಟು ಫ್ರೀಜರಿನ ಮೂಲೆಯಲ್ಲಿ ಇಟ್ಟಿದೆ. ನಾವಿಲ್ಲದಾಗ ಕರೆಂಟು ಹೋಗಿ ಮಂಜು ಕರಗಿದರೆ ನಾಣ್ಯ ಮುಳುಗುತ್ತದೆ; ಮತ್ತೆ ಹೆಪ್ಪುಗಟ್ಟಿದರೂ ಅದು ಅಡಿಯಲ್ಲೇ ಸಿಕ್ಕಿಕೊಂಡಿರುತ್ತದೆ. ನಾಣ್ಯ ಮೇಲಿನಿಂದ ಕೆಳಗೆ ಜಾರಿದ್ದರೆ ಒಳಗಿನದೆಲ್ಲ ಗೊಬ್ಬರದ ಗುಂಡಿಗೆ.

ಅತ್ತೆ ಎರಡು ವಾರ ಆ ಡಬ್ಬಿಗಳನ್ನು ಮುಟ್ಟಲಿಲ್ಲ. ನಾನೂ ಒತ್ತಾಯಿಸಲಿಲ್ಲ, ನಾಲ್ಕೂವರೆಗೇ ಎದ್ದು ಅವರಿಗೆ ಬೇರೆ ಮಾಡಿಟ್ಟೆ. ಮೂರನೆಯ ವಾರದ ಒಂದು ಬೆಳಿಗ್ಗೆ ಕಾಫಿಗೆ ಹಾಲು ತೆಗೆಯಲು ಹೋದವರು ಮೇಲಿನ ಗೂಡನ್ನೂ ತೆರೆದು, ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು.

"ಕಾವಲುಗಾರ ಮೇಲೆಯೇ ಇದ್ದಾನೆ. ನಾಳೆಯಿಂದ ಆರಕ್ಕೆ ಎದ್ದರೆ ಸಾಕು ನೀನು."