ತೊರವಿಯ ಗುಡಿ ಮತ್ತು ನವರಸಪುರ

ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯಲ್ಲಿ ತೊರವಿ ಎಂಬ ಗ್ರಾಮವಿದೆ. ಇಲ್ಲಿಯ ಆರಾಧ್ಯದೈವ ನರಸಿಂಹ. ಸುಮಾರು 1500ರಲ್ಲಿ ಕುಮಾರ ವಾಲ್ಮೀಕಿಯು ಈ ದೇವರ ಅಂಕಿತದಲ್ಲಿಯೇ ರಾಮಕಥೆಯನ್ನು ಭಾಮಿನೀ ಷಟ್ಪದಿಯಲ್ಲಿ ಹಾಡಿದನು. ಊರಿನ ಹೆಸರಿನಿಂದ ಆ ಕಾವ್ಯವು ‘ತೊರವೆ ರಾಮಾಯಣ’ವೆನಿಸಿತು.

ಮುಂದೆ, 1599ರಲ್ಲಿ, ಸಂಗೀತಪ್ರಿಯನಾದ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನು ಇದೇ ಪರಿಸರದಲ್ಲಿ ನವರಸಪುರವೆಂಬ ಹೊಸ ನಗರವನ್ನು ಕಟ್ಟಿಸಲು ತೊಡಗಿದನು. ಆದರೆ 1624ರಲ್ಲಿ ಅಹಮದ್‌ನಗರದ ಮಲಿಕ್ ಅಂಬರನು ದಂಡೆತ್ತಿ ಬಂದು, ಇನ್ನೂ ಪೂರ್ಣಗೊಳ್ಳದಿದ್ದ ಆ ನಗರವನ್ನು ಹಾಳುಗೆಡವಿದನು. ಸಂಗೀತ ಮಹಲಿನ ಭಗ್ನ ಕಮಾನುಗಳು ಇಂದಿಗೂ ಅದರ ಕಥೆಯನ್ನು ಹೇಳುತ್ತಿವೆ.

ಅರಸನ ನಗರವು ಅಳಿದರೂ ಹಳ್ಳಿಯ ಗುಡಿಯಲ್ಲಿ ದೀಪವು ಆರಲಿಲ್ಲ. ಕವಿಯ ಕಾವ್ಯವೂ ಮರೆಯಾಗಲಿಲ್ಲ. ಗುಡಿಯನ್ನು ಜನರ ಭಕ್ತಿಯು ಕಾಯ್ದುಕೊಂಡು ಬಂದಿದೆ. ಮಹಲನ್ನೂ ಅಷ್ಟೇ ಆದರದಿಂದ ಕಾಯ್ದುಕೊಳ್ಳುವುದು ನಮ್ಮೆಲ್ಲರ ಕರ್ತವ್ಯವಾಗಿದೆ.