ಚಪ್ಪಾಳೆಯಿಂದ ಹೆಡ್‌ಫೋನ್‌ವರೆಗೆ: ಮನೆ ಸ್ಟುಡಿಯೋಗೆ ಸಾಮಾನು ಆರಿಸುವ ಬಗೆ

ಹಾಡುವ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಸದ್ದು ಟಪ್ಪೆಂದು ಅಲ್ಲೇ ಅಡಗಿದರೆ ಒಳ್ಳೆಯದು. ಬೋಳು ಗೋಡೆ, ಟೈಲ್ಸ್ ನೆಲದ ಕೋಣೆಯಲ್ಲಿ ಹಾಗಾಗುವುದಿಲ್ಲ; ಚಪ್ಪಾಳೆಯ ಬೆನ್ನಿಗೇ ‘ಝಿಂಯ್’ ಎನ್ನುವ ಬಾಲವೊಂದು ಕೇಳುತ್ತದೆ. ಎಂಥ ಮೈಕ್ ತಂದರೂ ಆ ಬಾಲ ಹಾಡಿನ ಪ್ರತಿ ಅಕ್ಷರಕ್ಕೂ ಅಂಟಿಕೊಂಡು ಬರುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಅದನ್ನು ಬಿಡಿಸಹೊರಡುವುದೆಂದರೆ ಹಾಲಿಗೆ ಬೆರೆತ ನೀರನ್ನು ಸೋಸಿ ತೆಗೆಯಲು ಕೂತಂತೆ.

ಹೀಗಾಗಿ ಈ ಅಧ್ಯಾಯಕ್ಕೆ ಒಂದೇ ಸೂತ್ರ: ದನಿ ಸಾಗುವ ಕ್ರಮದಲ್ಲೇ ನಿಮ್ಮ ಗಮನವೂ ಸಾಗಲಿ. ಕೋಣೆ, ಮೈಕ್, ಇಂಟರ್‌ಫೇಸ್, ಕಂಪ್ಯೂಟರ್, ಹೆಡ್‌ಫೋನ್. ಹಿಂದಿನ ಹಂತದಲ್ಲಿ ಕೆಟ್ಟದ್ದನ್ನು ಮುಂದಿನ ಹಂತ ರಿಪೇರಿ ಮಾಡಲಾರದು. ಮೊದಲ ಹಂತಕ್ಕೆ ದುಡ್ಡೇ ಬೇಕಿಲ್ಲ ಎನ್ನುವುದು ಸಮಾಧಾನದ ಸಂಗತಿ.

ಕೋಣೆ

ಅಂಗಡಿಯ ತೆಳು ಫೋಮ್ ಹಾಳೆ ಕೊಳ್ಳುವ ಮೊದಲು ಒಂದು ಲೆಕ್ಕ. 100 ಹರ್ಟ್ಸ್‌ನ ದನಿ, ಅಂದರೆ ಗಂಡಸಿನ ತಗ್ಗು ದನಿಯ ಆಸುಪಾಸಿನದು, ಗಾಳಿಯಲ್ಲಿ ಸುಮಾರು 3.4 ಮೀಟರ್ ಉದ್ದದ ಅಲೆ. ಒಂದು ಅಂಗುಲದ ಫೋಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದು ಮೇಲಿನ ಸ್ವರಗಳ ಹೊಳಪನ್ನಷ್ಟೇ ನುಂಗಿ, ತಗ್ಗಿನ ಗುಂಯ್‌ಗುಡುವಿಕೆಯನ್ನು ಹಾಗೇ ಬಿಡುತ್ತದೆ. ಮೊಟ್ಟೆಯ ಟ್ರೇ ಅಂಟಿಸಿದರೂ ಫಲ ಅಷ್ಟಕ್ಕಷ್ಟೇ. ದನಿ ಹೀರುವುದು ದಪ್ಪ, ಮೆತ್ತನೆಯ ವಸ್ತು: ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ಬೀರು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಇರುತ್ತದಲ್ಲ, ಅದನ್ನು ಮಡಿಸಿ, ಹಾಡುವವರ ಬೆನ್ನ ಹಿಂದೆ, ಗೋಡೆಯಿಂದ ಒಂದು ಗೇಣು ಬಿಟ್ಟು ಹಗ್ಗಕ್ಕೆ ತೂಗುಹಾಕಿ. ಮೈಕ್ ನೋಡುವುದು ಆ ದಿಕ್ಕನ್ನೇ. ಹಾಗಾಗಿ ಅಲ್ಲಿಂದ ತಿರುಗಿ ಬರುವ ದನಿಯನ್ನೇ ಮೊದಲು ತಡೆಯಬೇಕು.

ಕೌದಿ ಒಳಗಿನ ಮಾರ್ದನಿಯನ್ನು ಹೀರೀತೇ ಹೊರತು ಬೀದಿಯ ಹಾರ್ನನ್ನು ತಡೆಯಲಾರದು. ಅದಕ್ಕೆ ಬೆಳಗಿನ ಜಾವವೇ ಮದ್ದು. ಫ್ಯಾನ್ ನಿಲ್ಲಿಸಿ, ಕುಕ್ಕರಿನ ಸೀಟಿಯ ಹೊತ್ತು ತಪ್ಪಿಸಿ.

ಮೈಕ್

ಕೊಳ್ಳುವವರ ಮುಂದಿರುವುದು ಮುಖ್ಯವಾಗಿ ಎರಡು ಜಾತಿ. ಡೈನಮಿಕ್ ಮೈಕಿನಲ್ಲಿ ಪೊರೆಗೆ ಅಂಟಿದ ತಂತಿ ಸುರುಳಿ ಅಯಸ್ಕಾಂತದ ನಡುವೆ ಅಲುಗಿ ವಿದ್ಯುತ್ ಹುಟ್ಟಿಸುತ್ತದೆ. ಸ್ಪೀಕರ್ ಮಾಡುವ ಕೆಲಸದ ತಿರುವುಮುರುವು. ಗಟ್ಟಿಮುಟ್ಟು, ಹತ್ತಿರದ ದನಿಯನ್ನು ಹಿಡಿಯುವುದರಲ್ಲಿ ಜಾಣ. 1966ರಲ್ಲಿ ಬಂದ ಶ್ಯೂರ್ ಎಸ್ಎಂ58 ಇಂದಿಗೂ ವೇದಿಕೆಗಳಲ್ಲಿ ಕಾಣುವ ಈ ಜಾತಿಯ ಮೈಕ್. ಕಂಡೆನ್ಸರಿನಲ್ಲಿ ಕೂದಲಿಗಿಂತ ತೆಳ್ಳಗಿನ ಪೊರೆಯೊಂದು ವಿದ್ಯುತ್ ಹೊರೆಸಿದ ತಟ್ಟೆಯ ಎದುರು ಕಂಪಿಸುತ್ತದೆ. ಸ್ಟುಡಿಯೋ ಬಳಕೆಯ ಕಂಡೆನ್ಸರಿಗೆ ಹೊರಗಿನಿಂದ ಸಾಮಾನ್ಯವಾಗಿ 48 ವೋಲ್ಟ್ ಕೊಡಬೇಕು. ಅದನ್ನೇ ಫ್ಯಾಂಟಮ್ ಪವರ್ ಎನ್ನುವುದು. ವೀಣೆಯ ಗಮಕದ ನುಣುಪು, ತಂಬೂರಿಯ ಜೀವಾಳದ ಝೇಂಕಾರ ಇದಕ್ಕೆ ಚೆನ್ನಾಗಿ ಸಿಗುತ್ತವೆ. ಪಕ್ಕದ ಮನೆಯ ಮಿಕ್ಸಿಯೂ ಅಷ್ಟೇ ಚೆನ್ನಾಗಿ ಸಿಗುತ್ತದೆ.

ಆಯ್ಕೆ ಹೀಗಿರಲಿ. ಗದ್ದಲದ ಮನೆ, ತೆರೆದ ಗಂಟಲಿನ ಹಾಡು: ಡೈನಮಿಕ್. ಸದ್ದಿಲ್ಲದ ಕೋಣೆ, ವೀಣೆಯಂಥ ಮೆಲುದನಿಯ ವಾದ್ಯ: ಕಂಡೆನ್ಸರ್. ವೀಣೆಗೆ ಡೈನಮಿಕ್ ಇಟ್ಟರೆ ಅದರ ಸಣ್ಣ ಸಂಕೇತವನ್ನು ತುಂಬ ಎತ್ತಬೇಕಾಗುತ್ತದೆ. ಅಗ್ಗದ ಇಂಟರ್‌ಫೇಸಿನಲ್ಲಿ ಜೊತೆಗೆ ‘ಹಿಸ್’ ಎಂಬ ಸದ್ದೂ ಏಳುತ್ತದೆ. ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಎಚ್ಚರಿಕೆ: ಕಂಡೆನ್ಸರಿಗೆ ತೇವ ಆಗದು. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಿದ ಡಬ್ಬಿಯಲ್ಲಿಡಿ.

ಮೈಕ್ ಯಾವುದೇ ಇರಲಿ, ದೂರವನ್ನು ಅಳೆಯುವುದು ಬಿಟ್ಟಿ ಉಪಕರಣ. ಬಾಯಿಂದ ಎರಡು ಗೇಣು ದೂರದಲ್ಲಿದ್ದ ಮೈಕನ್ನು ಒಂದು ಗೇಣಿಗೆ ತಂದರೆ ನೇರ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಕೋಣೆಯ ಮಾರ್ದನಿ ಇದ್ದಷ್ಟೇ ಇರುತ್ತದೆ. ತೀರ ಹತ್ತಿರವಾದರೆ ಪಕಾರ, ಭಕಾರಗಳ ಉಸಿರು ಮೈಕಿಗೆ ಗುದ್ದುತ್ತದೆ. ಕಸೂತಿ ರಿಂಗಿಗೆ ತೆಳು ನೈಲಾನ್ ಬಟ್ಟೆ ಬಿಗಿದು ನಡುವೆ ನಿಲ್ಲಿಸಿದರೆ ಪಾಪ್ ಫಿಲ್ಟರ್ ಸಿದ್ಧ.

ಇಂಟರ್‌ಫೇಸ್, ಕಂಪ್ಯೂಟರ್

ಮೈಕಿನ ಸಣ್ಣ ಸಂಕೇತವನ್ನು ಎತ್ತಿ, ಅಂಕಿಗಳಾಗಿ ಬದಲಿಸಿ, ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆಯೇ ಆಡಿಯೋ ಇಂಟರ್‌ಫೇಸ್. ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ಅದನ್ನು ಹಿಡಿಯಲು ಸೆಕೆಂಡಿಗೆ ಅದರ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆಯಬೇಕು. ಸಿ.ಡಿ.ಯ 44,100 ಎಂಬ ಅಂಕಿಯ ಹಿಂದಿನ ಕಾರಣ ಇದು. ಮನೆಗೆ 44,100 ಅಥವಾ 48,000 ಸಾಕು. 1,92,000ದ ಜಾಹೀರಾತಿಗೆ ಹೆಚ್ಚು ದುಡ್ಡು ಕೊಡಬೇಡಿ. ನೋಡಬೇಕಾದ್ದು 24 ಬಿಟ್ ಇದೆಯೇ ಎಂದು. 16 ಬಿಟ್‌ನಲ್ಲಿ ದನಿಯ ಏರಿಳಿತಕ್ಕೆ 65,536 ಮೆಟ್ಟಿಲು, 24ರಲ್ಲಿ 1.67 ಕೋಟಿಗೂ ಹೆಚ್ಚು. ಹಾಗಾಗಿ ಮೀಟರು -12 ಡೆಸಿಬೆಲ್ ಸುತ್ತ ಆಡುವಂತೆ ಸಣ್ಣಗೇ ಮುದ್ರಿಸಿ ಆಮೇಲೆ ಎತ್ತಬಹುದು. ಸೊನ್ನೆಯ ಗೆರೆ ದಾಟಿ ತಲೆ ಕತ್ತರಿಸಿಕೊಂಡ ದನಿ ಮಾತ್ರ ಪೂರ್ತಿ ಮರಳಿ ಬಾರದು.

‘ಡೈರೆಕ್ಟ್ ಮಾನಿಟರ್’ ಗುಂಡಿ ಇದೆಯೇ ಎಂದೂ ನೋಡಿ. ಕಂಪ್ಯೂಟರು ದನಿಯನ್ನು ಕಂತುಗಳಲ್ಲಿ ತುಂಬಿಕೊಳ್ಳುತ್ತದೆ. ಕಂತು 1,024 ಅಳತೆಗಳದ್ದಾದರೆ ಒಂದು ಬದಿಗೇ 23 ಮಿಲಿಸೆಕೆಂಡ್ ತಡ. ಅಷ್ಟರಲ್ಲಿ ದನಿ ಗಾಳಿಯಲ್ಲಿ ಸುಮಾರು 8 ಮೀಟರ್ ನಡೆದಿರುತ್ತದೆ. ಹೋಗಿ ಬರುವಾಗ ತಡ ಇಮ್ಮಡಿಯಾಗುತ್ತದೆ, ತಾಳ ಜಾರುತ್ತದೆ. ಈ ಗುಂಡಿ ನಿಮ್ಮ ದನಿಯನ್ನು ಕಂಪ್ಯೂಟರಿಗೆ ಸುತ್ತು ಹಾಕಿಸದೆ ನೇರ ಕಿವಿಗೆ ಕೊಡುತ್ತದೆ.

ಮೈಕ್, ಇಂಟರ್‌ಫೇಸ್ ಎರಡೂ ಒಂದಾದ ಯುಎಸ್‌ಬಿ ಮೈಕ್ ಒಬ್ಬರ ಹಾಡಿಗೆ ಸಾಕು. ನಾಳೆ ಮೃದಂಗಕ್ಕೆ ಇನ್ನೊಂದು ಮೈಕ್ ಬೇಕೆಂದಾಗ ಅಲ್ಲಿ ದಾರಿ ಮುಗಿಯುತ್ತದೆ. ಮುಂದೆ ಬೆಳೆಯುವ ಆಸೆಯಿದ್ದರೆ ಎರಡು ಮೈಕ್ ಹಿಡಿಸುವ ಇಂಟರ್‌ಫೇಸ್ ಕೊಳ್ಳಿ.

ಹೊಸ ಕಂಪ್ಯೂಟರ್ ಬೇಡ. 24 ಬಿಟ್‌ನ ಒಂದು ಟ್ರ್ಯಾಕ್ ನಿಮಿಷಕ್ಕೆ ಸುಮಾರು 8 ಎಂಬಿ, ಅಷ್ಟೇ. ಮುದ್ರಣದ ತಂತ್ರಾಂಶಗಳಲ್ಲಿ 2000ದಲ್ಲಿ ಹೊರಬಂದ ಆಡಾಸಿಟಿ ಉಚಿತ. ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಉಂಟು. ರೀಪರನ್ನು 60 ದಿನ ಪುಕ್ಕಟೆ ಬಳಸಿ ನೋಡಬಹುದು.

ಹೆಡ್‌ಫೋನ್, ಲೆಕ್ಕ

ಕಿವಿ ಪೂರ್ತಿ ಮುಚ್ಚುವ, ತಂತಿಯಿರುವ ಹೆಡ್‌ಫೋನ್ ಆರಿಸಿ. ತೆರೆದ ಬಗೆಯದಾದರೆ ಶ್ರುತಿಪೆಟ್ಟಿಗೆಯ ದನಿ ಸೋರಿ ಮೈಕಿಗೆ ಸೇರುತ್ತದೆ. ಬ್ಲೂಟೂತ್ ಆದರೆ ತಡ. ಸ್ಪೀಕರ್ ಆಮೇಲೆ ಬರಲಿ.

ಕೈಯಲ್ಲಿ 20,000 ರೂಪಾಯಿ ಇದೆ ಎಂದುಕೊಳ್ಳಿ. ಇಂಟರ್‌ಫೇಸಿಗೆ 8,000, ಮೈಕಿಗೆ 6,000, ಹೆಡ್‌ಫೋನಿಗೆ 4,000, ಸ್ಟ್ಯಾಂಡು ಮತ್ತು ತಂತಿಗೆ 2,000 ಎಂಬ ಹಂಚಿಕೆಯಿಂದ ಶುರುಮಾಡಿ. ಬೆಲೆ ಏರಿಳಿದರೂ ಈ ಪ್ರಮಾಣ ನೆನಪಿರಲಿ. ಎಲ್ಲವನ್ನೂ ಮೈಕಿಗೇ ಸುರಿದು ಅಲುಗಾಡುವ ಸ್ಟ್ಯಾಂಡಿಗೆ ಸಿಕ್ಕಿಸುವವರೇ ಹೆಚ್ಚು.

ಮಾಡಿ ನೋಡಿ

ಕೊಳ್ಳುವ ಮೊದಲು ನಿಮ್ಮ ಫೋನಿನಲ್ಲೇ ಒಂದು ಪಲ್ಲವಿಯನ್ನು ಮೂರು ಸಲ ಮುದ್ರಿಸಿ. ಒಮ್ಮೆ ಹಜಾರದ ನಡುವೆ, ಎರಡು ಗೇಣು ದೂರದಿಂದ. ಒಮ್ಮೆ ಬೆನ್ನ ಹಿಂದೆ ಕೌದಿ ತೂಗಿ, ಅಷ್ಟೇ ದೂರದಿಂದ. ಒಮ್ಮೆ ಅಲ್ಲೇ, ಒಂದು ಗೇಣಿನಿಂದ. ಮೂರನ್ನೂ ಹೆಡ್‌ಫೋನಿನಲ್ಲಿ ಕೇಳಿ. ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸಕ್ಕೆ ನೀವು ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಅದು ಕಿವಿಗೆ ತಿಳಿದ ದಿನ ಅಂಗಡಿಗೆ ಹೊರಡಿ.