ಗೋಪುರ ಬಿದ್ದರೂ ಮಾತು ನಿಲ್ಲದಿರಲಿ

1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತಲಿನ ನೆಲ ನಡುಗಿತು. ಮಲಗಿದ್ದವರ ಮೇಲೆ ಕಲ್ಲುಮಣ್ಣಿನ ಗೋಡೆಗಳು ಕುಸಿದವು. ಸತ್ತವರ ಸಂಖ್ಯೆ ಹತ್ತು ಸಾವಿರದ ಸಮೀಪಕ್ಕೆ ಹೋಯಿತು. ಕಿಲ್ಲಾರಿ ಮಹಾರಾಷ್ಟ್ರಕ್ಕೆ ಸೇರಿದ್ದು ನಿಜ. ಆದರೆ ನಮ್ಮ ಭಾಲ್ಕಿಯಿಂದ ಅದರ ನೇರ ದೂರ ಸುಮಾರು 70 ಕಿ.ಮೀ. ಮಾತ್ರ. ಆಗ ದೇಶದಲ್ಲಿ ಮೊಬೈಲ್ ಫೋನ್ ಇನ್ನೂ ಬಂದಿರಲಿಲ್ಲ. ದೂರದ ಊರುಗಳಿಂದ ಬಂದ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋ ಬಳಸುವವರು, ಅಲ್ಲಿ ತಮ್ಮ ಸೆಟ್‌ಗಳನ್ನು ಹೂಡಿ ಪರಿಹಾರ ಕಾರ್ಯದ ಸಂದೇಶಗಳನ್ನು ಸಾಗಿಸಿದರು.

ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಫೋನ್ ಇದೆ. ಹಾಗಿದ್ದ ಮೇಲೆ ಹ್ಯಾಮ್ ಏಕೆ? ಮೊಬೈಲ್ ಗೋಪುರಕ್ಕೆ ವಿದ್ಯುತ್ ಬೇಕು, ಅದನ್ನು ಮುಂದಿನ ಕೇಂದ್ರಕ್ಕೆ ಜೋಡಿಸುವ ಕೊಂಡಿಯೂ ಬೇಕು. ಎರಡರಲ್ಲಿ ಒಂದು ಹೋದರೂ ಕೈಯಲ್ಲಿರುವ ಫೋನ್ ಬರೀ ಗಡಿಯಾರ. ಹ್ಯಾಮ್ ಸೆಟ್ಟಿಗಾದರೋ 12 ವೋಲ್ಟಿನ ಒಂದು ಬ್ಯಾಟರಿ, ಒಂದಿಷ್ಟು ತಂತಿ ಸಾಕು. ಕೇಂದ್ರ ಸರ್ಕಾರದ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆದವರು ಮಾತ್ರ ಇದನ್ನು ಬಳಸಬಹುದು.

ಆದರೆ ಹ್ಯಾಮ್‌ಗಳಲ್ಲೂ ಒಂದು ಪರಾವಲಂಬನೆ ಬೆಳೆದಿದೆ. ಅದೇ ರಿಪೀಟರ್. ಎತ್ತರದ ಜಾಗದಲ್ಲಿ ಕುಳಿತು, ಕೈಸೆಟ್ಟಿನ ಸಣ್ಣ ದನಿಯನ್ನು ಹಿಡಿದು ದೊಡ್ಡದಾಗಿ ಮರಳಿ ಬಿತ್ತುವ ಯಂತ್ರ ಇದು. ಬೀದರಿನವರಿಗೆ ಎತ್ತರದ ಬೆಲೆ ಹೊಸದಲ್ಲ. ನಾಲ್ಕು ದಾರಿ ಕೂಡುವಲ್ಲಿ ನಿಂತಿರುವ ಚೌಬಾರಾ, 71 ಅಡಿಯ ಕಾವಲು ಗೋಪುರ. ದೂರದಿಂದ ಬರುವವರನ್ನು ಕಾಣಲು ಎತ್ತರ ಬೇಕೆಂಬುದು ಅದನ್ನು ಕಟ್ಟಿದವರಿಗೆ ತಿಳಿದಿತ್ತು. ರಿಪೀಟರ್ ಇದೇ ಎತ್ತರದ ಲಾಭ ಪಡೆಯುತ್ತದೆ. ಆದರೆ ಅದೊಂದು ಕೆಟ್ಟರೆ ಅದನ್ನು ನಂಬಿದವರೆಲ್ಲರ ಮಾತೂ ಒಮ್ಮೆಲೇ ಕಟ್ಟುತ್ತದೆ. ಆದ್ದರಿಂದಲೇ ಸೆಟ್‌ನಿಂದ ಸೆಟ್‌ಗೆ ನೇರವಾಗಿ ಮಾತನಾಡುವ ಅಭ್ಯಾಸ ಇರಬೇಕು. ಇದನ್ನು ‘ಸಿಂಪ್ಲೆಕ್ಸ್’ ಎನ್ನುತ್ತಾರೆ.

ಬೀದರ್, ಭಾಲ್ಕಿ, ಔರಾದ ಈ ಮೂರನ್ನೇ ಉದಾಹರಣೆಗೆ ನೋಡೋಣ. ಯಾವ ಎರಡು ಊರು ತೆಗೆದುಕೊಂಡರೂ ನೇರ ದೂರ ಹೆಚ್ಚುಕಡಿಮೆ 30ರಿಂದ 40 ಕಿ.ಮೀ. ಹ್ಯಾಮ್‌ಗಳು ಸ್ಥಳೀಯ ಮಾತಿಗೆ ಬಳಸುವ 144ರಿಂದ 146 ಮೆಗಾಹರ್ಟ್ಸ್ ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ; ಭೂಮಿಯ ಬಾಗು ಅವಕ್ಕೆ ಅಡ್ಡ ಬರುತ್ತದೆ. ಬಯಲಿನಲ್ಲಿ ನಿಂತ ಇಬ್ಬರ ಕೈಸೆಟ್‌ಗಳಿಗೆ 10 ಕಿ.ಮೀ. ದಾಟುವುದೂ ಕಷ್ಟ. ಎರಡೂ ಕಡೆ ಆಂಟೆನಾವನ್ನು 10 ಮೀಟರ್ ಎತ್ತರಕ್ಕೆ ಏರಿಸಿದರೆ ಲೆಕ್ಕದ ಪ್ರಕಾರ ಸುಮಾರು 26 ಕಿ.ಮೀ. ಸಿಗುತ್ತದೆ. ಪ್ರಸ್ಥಭೂಮಿಯ ಅಂಚಿನಲ್ಲಿರುವ ಬೀದರಿಗೆ ಇನ್ನಷ್ಟು ಅನುಕೂಲ. ಭಾಲ್ಕಿಯ ದನಿ ಔರಾದಿಗೆ ಮುಟ್ಟದಿದ್ದರೆ ನಡುವೆ ಬೀದರಿನವರು ಕೇಳಿಸಿಕೊಂಡು ದಾಟಿಸಬಹುದು. ಯಾವ ದಿಬ್ಬದಿಂದ ಯಾವ ಊರು ಕೇಳುತ್ತದೆ ಎಂಬುದನ್ನು ಮಾತ್ರ ಮೊದಲೇ ಓಡಾಡಿ ಗುರುತಿಸಿಟ್ಟುಕೊಳ್ಳಬೇಕು.

ಇನ್ನೊಂದು ದಾರಿ ಆಕಾಶದ್ದು. 7 ಮೆಗಾಹರ್ಟ್ಸ್ ಸುತ್ತಿನ ತರಂಗಗಳನ್ನು ಮೇಲಿನ ಅಯಾನು ಮಂಡಲ ಕೆಳಕ್ಕೆ ಮರಳಿಸುತ್ತದೆ. ಸುಮಾರು 20 ಮೀಟರ್ ಉದ್ದದ ತಂತಿಯನ್ನು ನಡುವೆ ಸೆಟ್ಟಿಗೆ ಜೋಡಿಸಿ, ಮೂರು-ನಾಲ್ಕು ಮೀಟರ್ ಎತ್ತರದಲ್ಲೇ ಎರಡು ಮರಗಳ ನಡುವೆ ಕಟ್ಟಿದರೆ ತರಂಗ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಚಾವಣಿಗೆ ಹಾಯಿಸಿದ ನೀರು ಸುತ್ತಲೂ ಹನಿಯುವಂತೆ ನೂರಾರು ಕಿ.ಮೀ. ಆವರಣಕ್ಕೆ ಇಳಿಯುತ್ತದೆ. ದಿಬ್ಬ, ಕಣಿವೆ, ತುಂಬಿ ಹರಿಯುವ ಮಾಂಜ್ರಾ ಯಾವುದೂ ಇದಕ್ಕೆ ಅಡ್ಡಿಯಲ್ಲ. ರಾತ್ರಿ 7 ಮೆಗಾಹರ್ಟ್ಸ್ ಕೈಕೊಟ್ಟರೆ 3.5ರ ಸುತ್ತ ಇಳಿಯಬೇಕು, ತಂತಿಯ ಉದ್ದ ಇಮ್ಮಡಿಯಾಗಬೇಕು.

ಇಂಥ ದೂರದ ತರಂಗಗಳ ಬೆಲೆ 2004ರ ಡಿಸೆಂಬರ್ 26ರಂದು ತಿಳಿಯಿತು. ಸುನಾಮಿ ಅಪ್ಪಳಿಸಿದಾಗ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಪೋರ್ಟ್ ಬ್ಲೇರ್‌ನಲ್ಲಿದ್ದರು. ಅವರ ರೇಡಿಯೋ ಅಂಡಮಾನಿನ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿತು.

ಯಂತ್ರಕ್ಕಿಂತ ಮುಖ್ಯವಾದುದು ಶಿಸ್ತು. ಅಭ್ಯಾಸದ ದಿನ ಮನೆಯ ಕರೆಂಟ್ ಮುಟ್ಟಬಾರದು. ಒಬ್ಬರು ನಿಯಂತ್ರಕರಾಗಿ ಸರದಿ ಕೊಡಬೇಕು. ಉಳಿದವರು ಕರೆದಾಗಲೇ ಮಾತನಾಡಬೇಕು. ಸಂದೇಶವನ್ನು ಸಂಖ್ಯೆ, ವೇಳೆ, ಯಾರಿಂದ, ಯಾರಿಗೆ ಎಂಬ ವಿವರಗಳೊಡನೆ ಬರೆದುಕೊಳ್ಳಬೇಕು. ಕೇಳಿದವರು ಅದನ್ನು ಮರಳಿ ಓದಿ ಒಪ್ಪಿಸಬೇಕು. ಔರಾದ ಎಂಬ ಹೆಸರಿನ ಊರುಗಳು ಈ ಭಾಗದಲ್ಲಿ ಒಂದಕ್ಕಿಂತ ಹೆಚ್ಚು. ತಾಲೂಕು ಕೇಂದ್ರವನ್ನು ‘ಔರಾದ (ಬಿ)’ ಎಂದೇ ಬರೆಯುತ್ತಾರೆ. ಆತುರದಲ್ಲಿ ಆ ಒಂದು ಅಕ್ಷರ ಬಿಟ್ಟರೆ ಔಷಧದ ಗಾಡಿ ಬೇರೊಂದು ಊರಿಗೆ ಹೋದೀತು. ಕನ್ನಡ, ಮರಾಠಿ, ಉರ್ದು, ತೆಲುಗು ಬೆರೆತ ಈ ಗಡಿಸೀಮೆಯಲ್ಲಿ ಸಂದೇಶ ಯಾವ ಭಾಷೆಯಲ್ಲಿ ಎಂಬುದನ್ನೂ ಮೊದಲೇ ನಿಶ್ಚಯಿಸಿಕೊಳ್ಳುವುದು ಒಳಿತು.

ಕಿಲ್ಲಾರಿಗೆ ಹ್ಯಾಮ್‌ಗಳು ಹೊರಗಿನಿಂದ ಬರಬೇಕಾಯಿತು. ಅವರು ದಾರಿಯಲ್ಲಿರುವಷ್ಟು ಹೊತ್ತು ಮಣ್ಣಿನಡಿ ಸಿಕ್ಕವರಿಗೆ ಬಲು ದೀರ್ಘ. ಪ್ರತಿ ತಾಲೂಕಿನಲ್ಲೂ ಪರವಾನಗಿ ಪಡೆದ ನಾಲ್ಕಾರು ಜನ ಇದ್ದು, ತಿಂಗಳಿಗೊಂದು ಭಾನುವಾರ ರಿಪೀಟರ್ ಮರೆತು ಮಾತನಾಡಿದರೆ ಆ ಹೊತ್ತನ್ನು ಉಳಿಸಬಹುದು.